ಹಸಿದ ದೈವ, ಉಣಿಸುವ ದೈವ



ದೇವರು ಮನುಷ್ಯನಿಂದ ಏನನ್ನು ಬೇಡುತ್ತಾನೆ ಎಂಬ ಪ್ರಶ್ನೆಗೆ ಒಂದು ಸಮಾಜವು ಕೊಟ್ಟುಕೊಂಡ ಉತ್ತರದಿಂದಲೇ ಆ ಸಮಾಜದ ಮೇಲುಕೀಳುಗಳೂ ಭಯಭಕ್ತಿಗಳೂ ರೂಪುಗೊಳ್ಳುತ್ತವೆ. ಕೊಹಿನೂರ, ಮುಡಬಿ, ಹುಲಸೂರ, ಹುಮನಾಬಾದಗಳ ಸುತ್ತಿನ ನಮ್ಮ ಕಲ್ಯಾಣ ಸೀಮೆಯಲ್ಲಿ, ಕೊರಳಲ್ಲಿ ಇಷ್ಟಲಿಂಗವನ್ನು ಧರಿಸಿದ ಗೃಹಸ್ಥನೂ ಮಗು ಜ್ವರದಿಂದ ಮಲಗಿದಾಗ, ಮಳೆ ಹಿಂದೆಗೆದಾಗ, ಊರ ದೇವಿಗೆ ಒಂದು ಕುರಿಯ ಹರಕೆಯನ್ನು ಹೊರುವುದುಂಟು. ತಾನು ಮಾಂಸವನ್ನು ಮುಟ್ಟನು. ಕುರಿಯ ಹಣವನ್ನು ಮತ್ತೊಬ್ಬನ ಕೈಯಲ್ಲಿಟ್ಟು ದೂರದಿಂದಲೇ ಕೈಮುಗಿದು ಬರುವನು. ಕೇಳಿದರೆ, "ದೇವಿ ಬೇಡುತ್ತಾಳೆ, ಕೊಡದಿದ್ದರೆ ಕಾಡುತ್ತಾಳೆ" ಎನ್ನುವನು. ಈ ಮಾತನ್ನು ನಕ್ಕು ತಳ್ಳಿಬಿಡುವುದು ಸುಲಭ. ಅದರ ಬೇರನ್ನು ಕಾಣುವುದು ಕಠಿಣ.

ಆ ಬೇರು ಹೆಮ್ಮರವಾಗಿ ಬೆಳೆದುದನ್ನು ನೋಡಬೇಕಾದರೆ ಭೂಮಂಡಲದ ಆಚೆಯ ಪಾರ್ಶ್ವದಲ್ಲಿದ್ದ ಮೆಕ್ಸಿಕೋ ದೇಶದ ಆಜ್ಟೆಕ್ ಜನಾಂಗದ ಕಡೆಗೆ ದೃಷ್ಟಿ ಹಾಯಿಸಬೇಕು. ಅವರು ಅನಾಗರಿಕರೆಂದು ಯಾರೂ ಭಾವಿಸಬಾರದು. ಸರೋವರದ ನಡುವೆ ತೆನೊಚ್ತಿತ್ಲಾನ್ ಎಂಬ ಮಹಾನಗರವನ್ನು ಕಟ್ಟಿದವರು, ನೀರಿನ ಮೇಲೆ ಮಣ್ಣು ಕೂಡಿಸಿ ತೋಟಗಳನ್ನು ಬೆಳೆದವರು, 365 ದಿನಗಳ ವರ್ಷವನ್ನೂ 260 ದಿನಗಳ ಪೂಜಾವರ್ಷವನ್ನೂ ಕೂಡಿಸಿ 52 ವರ್ಷಗಳ ಚಕ್ರವನ್ನು ಲೆಕ್ಕಹಾಕಿದವರು ಅವರು.

ಅವರ ಪುರಾಣವೊಂದುಂಟು. ಲೋಕವು ಕತ್ತಲಲ್ಲಿದ್ದಾಗ ದೇವತೆಗಳೆಲ್ಲ ತೆಯೋತಿವಾಕಾನ್ ಎಂಬಲ್ಲಿ ಕೂಡಿ, ಸೂರ್ಯನಾಗಲು ಅಗ್ನಿಗೆ ಹಾರುವವರಾರೆಂದು ಕೇಳಿದರಂತೆ. ಸಿರಿವಂತನೂ ಗರ್ವಿಯೂ ಆದ ದೇವತೆಯೊಬ್ಬನು ಮುಂದೆ ಬಂದು, ಉರಿಯನ್ನು ಕಂಡು ಹಿಂಜರಿದನು. ಮೈತುಂಬ ಹುಣ್ಣುಗಳಿದ್ದ ನಾನಾವಾಟ್ಸಿನ್ ಎಂಬ ಬಡ ದೇವತೆ ಕಣ್ಮುಚ್ಚಿ ಹಾರಿ ಸೂರ್ಯನಾದನು. ಆ ಮೇಲೆ ಹಾರಿದ ಗರ್ವಿ ಚಂದ್ರನಾದನು. ಆದರೂ ಸೂರ್ಯನು ಚಲಿಸಲಿಲ್ಲ. ಉಳಿದ ದೇವತೆಗಳೂ ತಮ್ಮ ಪ್ರಾಣವನ್ನು ಕೊಟ್ಟ ಮೇಲೆ ಚಲಿಸಿದನು. ಎಷ್ಟು ಉನ್ನತವಾದ ಕಲ್ಪನೆ! ದೈವವೇ ತನ್ನನ್ನು ಕೊಟ್ಟುಕೊಂಡಿತು, ಅದರಲ್ಲಿಯೂ ಎಲ್ಲರಿಗಿಂತ ಕೀಳಾಗಿದ್ದವನು ಮೊದಲು ಕೊಟ್ಟುಕೊಂಡನು.

ಆದರೆ ಈ ತ್ಯಾಗದ ಕಥೆ ಸಾಲದ ಪತ್ರವಾಗಿ ಪರಿಣಮಿಸಿತು. ದೇವತೆಗಳು ರಕ್ತವನ್ನು ಕೊಟ್ಟರು, ಆದಕಾರಣ ಮನುಷ್ಯರು ರಕ್ತದಿಂದಲೇ ತೀರಿಸತಕ್ಕದ್ದು. ತೀರಿಸದಿದ್ದರೆ ಸೂರ್ಯನು ನಿಲ್ಲುವನು, ಮಳೆ ಬಾರದು. ಬಲಿಗೆ ಅವರ ಭಾಷೆಯಲ್ಲಿದ್ದ ಪದಗಳಲ್ಲೊಂದಕ್ಕೆ ಋಣ ಸಂದಾಯವೆಂದೇ ಅರ್ಥ. ನಗರದ ಮಹಾಮಂದಿರದ ಶಿಖರದಲ್ಲಿ ಎರಡು ಗುಡಿಗಳಿದ್ದವು: ಯುದ್ಧದ ಅಧಿದೇವತೆ ವಿಟ್ಸಿಲೊಪೊಚ್ತ್ಲಿಗೆ ಒಂದು, ಮಳೆಯ ದೇವತೆ ತ್ಲಾಲೊಕ್‌ನಿಗೆ ಒಂದು. ಮೊದಲನೆಯವನಿಗೆ ಯುದ್ಧದಲ್ಲಿ ಸೆರೆಸಿಕ್ಕವರು, ಎರಡನೆಯವನಿಗೆ ಎಳೆಯ ಮಕ್ಕಳು. 1978ರ ನಂತರ ನಡೆದ ಉತ್ಖನನಗಳಲ್ಲಿ ಮಳೆದೇವತೆಯ ಭಾಗದ ಒಂದೇ ಸಮರ್ಪಣೆಯಲ್ಲಿ 42 ಮಕ್ಕಳ ಎಲುಬುಗಳು ದೊರೆತವು. ಆ ಮಕ್ಕಳ ಹೆಸರೇನು, ತಾಯಂದಿರಾರು ಎಂಬುದು ಯಾವ ಶಿಲೆಯ ಮೇಲೂ ಇಲ್ಲ.

ಸಾಲವಿದ್ದಲ್ಲಿ ವಸೂಲಿ ಮಾಡುವವನೂ ಇರಲೇಬೇಕು. ಹಸಿದ ದೈವದ ಸುತ್ತ ಪುರೋಹಿತನು ನಿಂತನು, ಅರಸನು ನಿಂತನು. ಯೋಧನು ಎಷ್ಟು ಜನರನ್ನು ಸೆರೆಹಿಡಿದನೋ ಅಷ್ಟು ಅವನ ಪದವಿ ಏರಿತು, ಉಡುವ ವಸ್ತ್ರವೂ ಬದಲಾಯಿತು. ನೆರೆಯ ನಾಡುಗಳು ಧಾನ್ಯವನ್ನೂ ಬಟ್ಟೆಯನ್ನೂ ಕಪ್ಪವಾಗಿ ತೆತ್ತವು. ಹಿಡಿದೊಯ್ಯಲು ಮನುಷ್ಯರು ಬೇಕಾದಾಗ ಗೊತ್ತುಪಡಿಸಿದ ಯುದ್ಧಗಳೇ ನಡೆದವು. ಅವಕ್ಕೆ 'ಹೂವಿನ ಯುದ್ಧ'ವೆಂಬ ಸೊಗಸಾದ ಹೆಸರು! 1519ರಲ್ಲಿ ಸ್ಪೇನಿನ ಕೋರ್ಟೆಸ್ ಬಂದಾಗ, ಈ ಯುದ್ಧಗಳಲ್ಲಿ ನೊಂದಿದ್ದ ತ್ಲಾಸ್ಕಾಲದ ಜನರು ಅವನ ಪಕ್ಷವನ್ನು ಸೇರಿದರು. 1521ರಲ್ಲಿ ಆ ನಗರವು ಬಿದ್ದಿತು. ಬಂದವರು ಕರುಣಾಳುಗಳೇನೂ ಅಲ್ಲ. ಆ ಮಾತು ಬೇರೆ.

ನರಬಲಿ ನಮ್ಮಲ್ಲಿಲ್ಲವಲ್ಲ ಎಂದು ನೆಮ್ಮದಿಯಿಂದಿರಲಾದೀತೆ? ಮನೆಗೆ ಕಷ್ಟ ಬಂದಿತೆಂದು, ಎಲ್ಲಮ್ಮನು ಬೇಡಿದಳೆಂದು, ಅರಿಯದ ಹೆಣ್ಣುಕೂಸಿಗೆ ಮುತ್ತು ಕಟ್ಟಿ ಬಿಟ್ಟ ನಾಡು ಇದು. ಆ ಕೂಸು ಸಾಯಲಿಲ್ಲ ನಿಜ. ಬದುಕಿರುವಷ್ಟು ಕಾಲವೂ ಬಲಿಯಾಗುತ್ತಲೇ ಇದ್ದಿತು. ಅದನ್ನು ತಡೆಯಲು 1982ರಲ್ಲಿ ಶಾಸನವಾಗಬೇಕಾಯಿತು. ದೇವಿಯ ಜಾತ್ರೆಯಲ್ಲಿ ಕೋಣ ಬೀಳುವ ಊರುಗಳನ್ನು ನೋಡಿರಿ. ಚಾಟಿಯಿಂದ ತನ್ನ ಮೈಯನ್ನೇ ಹೊಡೆದುಕೊಳ್ಳುವ ಪೋತರಾಜನಾರು, ರಕ್ತ ಬೆರೆತ ಅನ್ನವನ್ನು ಇರುಳಲ್ಲಿ ಹೊತ್ತು ಊರ ಎಲ್ಲೆಯಲ್ಲಿ ಚೆಲ್ಲುವವನಾರು? ಊರನ್ನು ಕಾಯುವ ಕಾರ್ಯ ಅವನದು, ಊರೊಳಗೆ ಮನೆ ಮಾತ್ರ ಅವನಿಗಿಲ್ಲ. ಹಸಿದ ದೈವವು ಮೆಕ್ಸಿಕೋದಲ್ಲಿ ಯೋಧನನ್ನು ಮೇಲಕ್ಕೇರಿಸಿತು. ಇಲ್ಲಿ ಕೇರಿಯವನನ್ನು ಹೊರಗೆ ನಿಲ್ಲಿಸಿತು. ನಮ್ಮ ವೀರಭದ್ರನ ಪುರವಂತರು ಶಸ್ತ್ರ ಚುಚ್ಚಿಕೊಳ್ಳುವುದನ್ನೂ ಇಲ್ಲಿ ಮರೆಮಾಚಲಾಗದು. ಆಜ್ಟೆಕರೂ ಮುಳ್ಳುಗಳಿಂದ ಕಿವಿ ನಾಲಗೆಗಳನ್ನು ಚುಚ್ಚಿಕೊಳ್ಳುತ್ತಿದ್ದರು. ಆದರೂ ಸ್ವಂತ ಮೈಯನ್ನು ನೋಯಿಸಿಕೊಳ್ಳುವವನಿಗೂ ಪರರ ಕುತ್ತಿಗೆಯನ್ನು ಕೊಡುವವನಿಗೂ ಅಂತರವುಂಟೆಂಬುದನ್ನು ಒಪ್ಪಬೇಕು.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಈ ಸಾಲಪತ್ರವನ್ನೇ ಹರಿದರು. ಮಾರಿ, ಮಸಣಿ ಮೊದಲಾದ ದೈವಗಳ ಹೆಸರು ವಚನಗಳಲ್ಲಿ ಬಂದಿರುವುದು ಬರಿಯ ನಿಂದೆಗಾಗಿ ಅಲ್ಲ. ಬಲಿಗೆ ತಂದ ಕುರಿಯನ್ನು ಕುರಿತ ಬಸವಣ್ಣನವರ ವಚನವು ನಿಮ್ಮಲ್ಲಿ ಬಹುಮಂದಿಗೆ ಕಂಠಸ್ಥವಾಗಿದೆ. ಅಲ್ಲಿ ಅಣ್ಣನವರ ಕಣ್ಣು ದೇವತೆಯ ಮೇಲಿಲ್ಲ, ಸಾವನ್ನರಿಯದೆ ಹಸಿರನ್ನು ಮೇಯುತ್ತಿರುವ ಆ ಮೂಕ ಜೀವದ ಮೇಲಿದೆ. ಕೊಡುವವನೂ ಕೊಡುವ ವಸ್ತುವೂ ಅವನವೇ ಆಗಿರುವಾಗ ಸಾಲವೆಲ್ಲಿಯದು? ಆದುದರಿಂದ ಅವರು ಬಲಿಪೀಠದ ಸ್ಥಾನದಲ್ಲಿ ದಾಸೋಹವನ್ನಿಟ್ಟರು. ದಾಸೋಹದಲ್ಲಿ ಉಣ್ಣುವುದು ನಿಜವಾಗಿಯೂ ಹಸಿದ ಹೊಟ್ಟೆ. ಅದಕ್ಕೆ ಬೇಕಾದುದು ಕಾಯಕದಿಂದ ಬಂದ ಅನ್ನ. ಉಣ್ಣುವವರ ಪಂಕ್ತಿಯಲ್ಲಿ ಡೋಹರ ಕಕ್ಕಯ್ಯನವರೂ ಸಮಗಾರ ಹರಳಯ್ಯನವರೂ ಕುಳಿತರು. ಹರಳಯ್ಯನವರ ಮಗನಿಗೆ ಮಧುವರಸರ ಮಗಳನ್ನು ಕೊಟ್ಟುದಕ್ಕಾಗಿ ಆ ಇಬ್ಬರು ಬೀಗರೂ ಆನೆಯ ಕಾಲಿಗೆ ಕಟ್ಟಿಸಿಕೊಂಡು ಎಳೆಹೂಟೆಯ ಶಿಕ್ಷೆಯನ್ನು ಅನುಭವಿಸಿದರೆಂದು ನಮ್ಮ ಪರಂಪರೆ ಹೇಳುತ್ತದೆ. ಕಲ್ಯಾಣದ ಬೀದಿಯಲ್ಲಿ ಹರಿದ ಆ ರಕ್ತವನ್ನು ಯಾವ ದೈವವೂ ಬೇಡಿರಲಿಲ್ಲ.

1959ರಲ್ಲಿ ಅಂದಿನ ಮೈಸೂರು ರಾಜ್ಯವು ಪ್ರಾಣಿಬಲಿಯನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು. 1956ರಲ್ಲಿಯೇ ಆ ರಾಜ್ಯವನ್ನು ಸೇರಿದ್ದ ನಮ್ಮ ಬೀದರ ಜಿಲ್ಲೆಗೂ ಅದು ಸಲ್ಲುತ್ತದೆ. ಆದರೆ ಕಾಯಿದೆಯು ಗುಡಿಯ ಆವರಣವನ್ನು ಕಾಯಬಲ್ಲುದೇ ಹೊರತು, ಜ್ವರ ಬಂದ ಮಗುವಿನ ಮಗ್ಗುಲಲ್ಲಿ ಕುಳಿತ ತಾಯಿಯ ಮನಸ್ಸನ್ನಲ್ಲ. ಆ ತಾಯಿ ಕೇಳುವಳು: "ಅಪ್ಪಾವರೇ, ಹೊತ್ತ ಹರಕೆ ಬಿಟ್ಟರೆ ಕೇಡಾಗುವುದಿಲ್ಲವೇ?" ಅವಳನ್ನು ಗದರಿಸಬೇಡಿರಿ. ಮೊದಲು ಮಗುವನ್ನು ವೈದ್ಯರಲ್ಲಿಗೆ ಕರೆದೊಯ್ಯಿರಿ. ನಮ್ಮ ರೈತರು ಎಳ್ಳಮಾವಾಸ್ಯೆಯಂದು ಹೊಲಕ್ಕೆ ಹೋಗಿ ಐದು ಕಲ್ಲುಗಳನ್ನಿಟ್ಟು ಪೂಜಿಸಿ, ಜೋಳದ ಬೆಳೆಯ ನಡುವೆ ಚರಗ ಚೆಲ್ಲಿ, ಬಂದವರಿಗೆಲ್ಲ ಭಜ್ಜಿ ರೊಟ್ಟಿ ಬಡಿಸುವರಲ್ಲವೆ? ಅಲ್ಲಿ ಒಂದು ಹನಿ ರಕ್ತವಿಲ್ಲ. ಭೂಮಿತಾಯಿ ಎಂದೂ ಮುನಿದುದಿಲ್ಲ. ಕುರಿಗೆಂದು ತೆಗೆದಿಟ್ಟ ಹಣದಿಂದ ಜೋಳವನ್ನೂ ಬೆಲ್ಲವನ್ನೂ ತರಿಸಿರಿ. ಸೋಮವಾರ ಮನೆಯಲ್ಲಿ ಪ್ರಸಾದ ಮಾಡಿಸಿರಿ. ಇದುವರೆಗೆ ಆ ಕುರಿಯನ್ನು ಯಾರ ಕೈಯಿಂದ ಕೊಯ್ಯಿಸುತ್ತಿದ್ದಿರೋ ಅವನನ್ನೂ ಅವನ ಮಕ್ಕಳನ್ನೂ ಕರೆದು, ಪಡಸಾಲೆಯಲ್ಲಿ ನಿಮ್ಮ ಸಾಲಿನಲ್ಲಿಯೇ ಕುಳ್ಳಿರಿಸಿ ಬಡಿಸಿರಿ.