ಕಾರಿಲ್ಲದವರು ತಲುಪುವ ಊರು

ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಓದುತ್ತಿರುವ ನನ್ನ ಅಕ್ಕನ ಮಗ ಫೋನಿನಲ್ಲಿ ಒಂದು ಮಾತು ಕೇಳಿದ. "ಮಾಮಾ, ಮೋಆಬ್‌ಗೆ ಹೋಗಬೇಕಂತ ಮಾಡೀನಿ. ಆದ್ರ ಕಾರ್ ಇಲ್ದ ಅಲ್ಲಿಗೆ ಹೋಗೂದರಾಗ ಅರ್ಥನ ಇಲ್ಲ ಅಂತಾರ ಎಲ್ಲಾರೂ. ಹಂಗಿದ್ರ ನನ್ನಂಥವ್ರಿಗೆ ಆ ಊರು ಇಲ್ಲಂತನ ಆತಲ್ಲ?"

ಮೋಆಬ್ ಯೂಟಾ ರಾಜ್ಯದ ಮರುಭೂಮಿಯಲ್ಲಿ, ಕೊಲೊರಾಡೊ ನದಿಯ ದಂಡೆಯ ಮೇಲಿರುವ ಸಣ್ಣ ಊರು. ಸುತ್ತಲೂ ಕೆಂಪು ಮರಳುಗಲ್ಲು. ಬಂಡೆ ಹತ್ತುವವರು, ಬಂಡೆಯ ಮೇಲೆ ಸೈಕಲ್ ಓಡಿಸುವವರು, ನದಿಯಲ್ಲಿ ದೋಣಿ ಬಿಡುವವರು ಎಲ್ಲರೂ ಅಲ್ಲಿಗೆ ಬರುತ್ತಾರೆ. ರೈಲು ಬೇಕೆಂದರೆ ಸುಮಾರು 80 ಕಿಲೋಮೀಟರ್ ದೂರದ ಗ್ರೀನ್ ರಿವರ್‌ನಲ್ಲಿ ಇಳಿಯಬೇಕು. ಊರಿಂದ ಹತ್ತು ಕಿಲೋಮೀಟರಿನೊಳಗೇ ಆರ್ಚಸ್ ರಾಷ್ಟ್ರೀಯ ಉದ್ಯಾನದ ಬಾಗಿಲು ಇದೆ, ಆದರೆ ಬಾಗಿಲು ದಾಟಿದ ಮೇಲೆ ಕಲ್ಲಿನ ಕಮಾನುಗಳು ಒಂದೊಂದು ಒಂದೊಂದು ಕಡೆ, ಮೈಲಿಗಟ್ಟಲೆ ದೂರ.

ನಾನು ಮೋಆಬ್ ನೋಡಿಲ್ಲ. ಆದರೆ ಹುಡುಗನ ಪ್ರಶ್ನೆಯ ಕೊನೆಯ ತುಂಡು ನನ್ನನ್ನು ಬಿಡಲಿಲ್ಲ. ಒಂದು ಜಾಗಕ್ಕೆ ಹೋಗುವ ದಾರಿಯನ್ನೆಲ್ಲ ಕಾರಿನ ಅಳತೆಗೇ ಹಾಕಿದರೆ, ಕಾರಿಲ್ಲದವನಲ್ಲಿ ಇರುವ ಕೊರತೆ ಯಾವುದು? ಬರೀ ದುಡ್ಡಿನದೇ? ಅಥವಾ ಕಾರಿನಲ್ಲಿ ಹೋದವನು ಕಳೆದುಕೊಳ್ಳುವ ಏನೋ ಒಂದು ಇವನಿಗೆ ಸಿಗುತ್ತದೆಯೇ? ಎರಡನೆಯ ಮಾತು ಕೇಳಲು ಚೆನ್ನಾಗಿರುತ್ತದೆ, ಅದಕ್ಕೇ ಅದನ್ನು ಸ್ವಲ್ಪ ಸಂಶಯದಿಂದ ನೋಡಬೇಕು.

ಈ ಪ್ರಶ್ನೆ ಕೇಳಿಸಿಕೊಳ್ಳಲು ಕಳಂಬೋಲಿಗಿಂತ ತಕ್ಕ ಜಾಗ ಇಲ್ಲ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಶುರುವಾಗುವುದು ನಮ್ಮೂರಿನಲ್ಲಿ. ಅದರ ಮೇಲೆ ನಡೆಯುವ ಹಾಗಿಲ್ಲ, ಸೈಕಲ್ ತುಳಿಯುವ ಹಾಗಿಲ್ಲ, ಮೋಟರ್ ಸೈಕಲ್ಲಿಗೂ ಪ್ರವೇಶವಿಲ್ಲ. ಅದೇ ರಸ್ತೆಯ ತಲೆಯಲ್ಲಿ, ಮೆಕ್‌ಡೊನಾಲ್ಡ್ಸ್ ಹತ್ತಿರ, ಸಂಜೆಯಾದರೆ ಬ್ಯಾಗು, ಚೀಲ, ಮಕ್ಕಳನ್ನು ಕಟ್ಟಿಕೊಂಡು ಜನ ನಿಂತಿರುತ್ತಾರೆ. ಬೆಳಗಾವಿ, ಹುಬ್ಬಳ್ಳಿ, ವಿಜಯಪುರ, ಬಾಗಲಕೋಟೆಯ ಬಸ್ಸುಗಳಿಗೆ ಕಾಯುವವರು. ಗುರುತಿಲ್ಲದವರೂ "ಯಾವೂರ್ರಿ ನಿಮ್ದು?" ಎಂದು ಮಾತಿಗೆ ಶುರುಮಾಡುವ ಜಾಗ ಅದು. ಕಬ್ಬಿಣ ಮಾರ್ಕೆಟ್ಟಿನಲ್ಲಿ ದುಡಿಯುವವರೂ ಇರುತ್ತಾರೆ, ಲ್ಯಾಪ್‌ಟಾಪ್ ಬೆನ್ನಿಗೆ ಹಾಕಿಕೊಂಡವರೂ ಇರುತ್ತಾರೆ.

ನಮ್ಮ ಜನರಲ್ಲಿ ಊರಿಗೆ ಕಾರು ತಗೊಂಡು ಹೋಗುವುದು ಬರೀ ಅನುಕೂಲದ ಮಾತಲ್ಲ. ಮುಂಬೈಯಲ್ಲಿ ಇಷ್ಟು ವರ್ಷ ಏನು ಮಾಡಿದೆ ಎಂಬ ಪ್ರಶ್ನೆಗೆ ಅಗಸಿಯಲ್ಲಿ ನಿಂತ ಕಾರು ಕೊಡುವಷ್ಟು ಗಟ್ಟಿ ಉತ್ತರವನ್ನು ಬಾಯಿ ಕೊಡಲಾರದು. ಬಸ್ಸಿಳಿದು ನಡೆದು ಬಂದವನನ್ನು "ಆರಾಮ ಇದ್ದೀಯೇನಪಾ?" ಎಂದು ಕೇಳುವ ದನಿಯಲ್ಲೇ ಒಂದು ಕನಿಕರ ಇರುತ್ತದೆ. ಆದ್ದರಿಂದ "ನನಗೆ ಕಾರು ಬೇಡ" ಎಂದು ಯಾರಾದರೂ ಹೇಳಿದರೆ, ಅವರಿಗೆ ಕೊಳ್ಳುವ ಶಕ್ತಿ ಇದೆಯೋ ಇಲ್ಲವೋ ಎಂಬುದರ ಮೇಲೆ ಆ ಮಾತಿನ ಅರ್ಥವೇ ಬದಲಾಗಿಬಿಡುತ್ತದೆ.

ಮೋಆಬ್‌ನ ಕೆಂಪು ಕಲ್ಲಿಗೆ ನಮ್ಮ ಕಡೆ ಹತ್ತಿರದ ನೆಂಟ ಎಂದರೆ ಬಾದಾಮಿ. ಅದು ಮರುಭೂಮಿಯಲ್ಲ, ಆದರೆ ಮಳೆ ಕಡಿಮೆಯ ಬಿಸಿಲು ನಾಡು. ಅಲ್ಲಿರುವುದೂ ಮರಳುಗಲ್ಲೇ. ಮಂಗಳೇಶ ಕ್ರಿ.ಶ. 578ರಲ್ಲಿ ಮೂರನೆಯ ಗುಹೆಯ ಶಾಸನ ಕೆತ್ತಿಸಿದ್ದು ಈ ಕಲ್ಲಿನಲ್ಲಿ. ಈಗ ಬೆಂಗಳೂರಿನಿಂದಲೂ ಹೊರದೇಶಗಳಿಂದಲೂ ಹುಡುಗ ಹುಡುಗಿಯರು ಹಗ್ಗ ಹೊತ್ತು ಬಂದು ಹತ್ತುವುದೂ ಇದೇ ಕಲ್ಲನ್ನು. ಹೋದ ವರ್ಷದ ಚಳಿಗಾಲದಲ್ಲಿ ನಾನೂ ಅವ್ವನೂ ನಾಲ್ಕು ದಿನ ಬಾದಾಮಿಯಲ್ಲಿದ್ದೆವು, ಕಾರಿಲ್ಲದೆ.

ಮಾನಸರೋವರದಿಂದ ಲೋಕಲ್ ಹಿಡಿದು ಠಾಣೆ, ಅಲ್ಲಿಂದ ಕಲ್ಯಾಣ. ರಾತ್ರಿ ಕಲ್ಯಾಣದಲ್ಲಿ ಗದಗಿನ ಕಡೆ ಹೋಗುವ ಗಾಡಿ. ಸೊಲ್ಲಾಪುರ ದಾಟಿ, ವಿಜಯಪುರ ದಾಟಿ, ಆಲಮಟ್ಟಿಯಲ್ಲಿ ಕೃಷ್ಣೆ ಬಂದಾಗ ಇಡೀ ಡಬ್ಬಿ ಕಿಟಕಿಗೆ ಬಂತು. ಕೆಲವರು ನೀರಿಗೆ ನಾಣ್ಯ ಎಸೆದು ಕೈಮುಗಿದರು. ಬಾದಾಮಿ ಸ್ಟೇಷನ್ ಊರಿಂದ ಸುಮಾರು 5 ಕಿಲೋಮೀಟರ್ ಹೊರಗಿದೆ. ಹಿಂದೆ ಟಾಂಗಾ ಸಿಗುತ್ತಿದ್ದವು, ಈಗ ಟಂಟಂ. ತುಂಬಿದ ಮೇಲೇ ಹೊರಡುತ್ತದೆ. ತುಂಬಿತು ಎನ್ನುವುದನ್ನು ಅದರ ಡ್ರೈವರ್ ನಿರ್ಧರಿಸುತ್ತಾನೆ, ನಾವಲ್ಲ.

ಬಾದಾಮಿಯ ಒಂದು ಪುಣ್ಯವೆಂದರೆ ಬಂಡೆಗಳು ಊರಿಗೇ ಒರಗಿಕೊಂಡಿವೆ. ಬಸ್ ಸ್ಟ್ಯಾಂಡಿನಿಂದ ನಡೆದರೆ ಗುಹೆಗಳು, ಅಗಸ್ತ್ಯ ತೀರ್ಥ, ಕೋಟೆ, ಹಗ್ಗದವರು ಹತ್ತುವ ಗೋಡೆಗಳು ಎಲ್ಲವೂ ಸಿಗುತ್ತವೆ. ಗುಡ್ಡದ ಮೇಲಿನ ಕಾಲುದಾರಿ ಹಿಡಿದರೆ ಸಿಡಿಲಪಡಿ. ಅದು ಬಂಡೆಯೇ ಕಮಾನಾಗಿ ನಿಂತ ಒಂದು ದೊಡ್ಡ ಆಸರೆ. ಅದರ ತೂತುಗಳು ಸಿಡಿಲು ಹೊಡೆದು ಆದವು ಎಂದು ಜನ ನಂಬಿ ಆ ಹೆಸರಿಟ್ಟಿದ್ದಾರೆ. ಒಳಗೆ ಇತಿಹಾಸಕ್ಕಿಂತ ಹಿಂದಿನ ಕಾಲದವರು ಬರೆದ ಚಿತ್ರಗಳಿವೆ. ಅಲ್ಲಿಗೆ ಕಾರು ಹೋಗುವುದಿಲ್ಲ. ಒಂದು ದಿನ ಎರಡು ಬಾಟಲಿ ನೀರು, ಎರಡು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನಾನು ಹೋಗಿ ಬಂದೆ. ದಾರಿಯಲ್ಲಿ ಸಿಕ್ಕವನು ಆಡು ಮೇಯಿಸುವ ಒಬ್ಬ ಮುದುಕ. "ಒಬ್ಬನ ಹೊಂಟೀಯೇನು? ಬಿಸಲಾಗಿಂದ ಮುಂದ ತಿರುಗು," ಎಂದ. ಆ ದಿನದ ವೇಳಾಪಟ್ಟಿ ಅಷ್ಟೇ.

ಇಷ್ಟೇ ಆಗಿದ್ದರೆ ಇದು ನಡಿಗೆಯ ಹೊಗಳಿಕೆಯಾಗಿ ಮುಗಿಯುತ್ತಿತ್ತು. ಆದರೆ ನನ್ನ ಜೊತೆ ಅವ್ವ ಇದ್ದಳು. ಎಪ್ಪತ್ತು ದಾಟಿದ್ದಾಳೆ, ಎರಡೂ ಮೊಣಕಾಲು ನೋವು.

ಆರ್ಚಸ್‌ನಲ್ಲಿ 1950ರ ದಶಕದಲ್ಲಿ ರೇಂಜರ್ ಆಗಿದ್ದ ಎಡ್ವರ್ಡ್ ಆ್ಯಬಿ 1968ರಲ್ಲಿ 'ಡೆಸರ್ಟ್ ಸಾಲಿಟೇರ್' ಎಂಬ ಪುಸ್ತಕ ಬರೆದ. ರಾಷ್ಟ್ರೀಯ ಉದ್ಯಾನಗಳೊಳಗೆ ಕಾರು ಬೇಡವೇ ಬೇಡ, ಜನ ನಡೆಯಲಿ, ಸೈಕಲ್ ತುಳಿಯಲಿ, ಕುದುರೆ ಹತ್ತಲಿ ಎಂಬುದು ಅವನ ವಾದ. ಕಾರಿನಿಂದ ಇಳಿಯದವನು ಏನನ್ನೂ ಕಾಣಲಾರ ಎಂದು ಅವನು ಹೇಳುವಾಗ ತಲೆ ಆಡಿಸದೆ ಇರಲಾಗುವುದಿಲ್ಲ. ಆದರೆ ಮಕ್ಕಳು, ಮುದುಕರು, ಅಶಕ್ತರು ಏನು ಮಾಡಬೇಕು ಎಂಬ ಪ್ರಶ್ನೆ ಬಂದಾಗ ಅವನು ಅವರ ಬಗ್ಗೆ ಹೆಚ್ಚು ಕನಿಕರ ಬೇಕಿಲ್ಲ ಎಂದು ಕೊಡವಿ ಮುಂದೆ ಹೋಗುತ್ತಾನೆ. ಅಲ್ಲಿ ನಾನು ಅವನ ಕೈ ಬಿಡುತ್ತೇನೆ. ಗಟ್ಟಿ ಕಾಲಿದ್ದವನ ಧರ್ಮ ಅದು. ಕಾಲು ಸೋತ ದಿನ ಅದು ಯಾರನ್ನೂ ಎತ್ತಿಕೊಳ್ಳುವುದಿಲ್ಲ.

ಪಟ್ಟದಕಲ್ಲು ಬಾದಾಮಿಯಿಂದ ಸುಮಾರು 22 ಕಿಲೋಮೀಟರ್. 1987ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ಜಾಗ. ನಾವು ಆಟೋ ಮಾಡಿಕೊಂಡು ಹೋದೆವು. ಆ ಬಾಡಿಗೆ ಕೊಡುವಾಗ ನನ್ನ ಯಾವ ತತ್ವವೂ ಅಡ್ಡ ಬರಲಿಲ್ಲ, ಬರಬಾರದು ಕೂಡ. ಮೋಟಾರು ಅವ್ವನಿಗೆ ಕೋಲಿನ ಹಾಗೆ, ಕಾಲಿಗೆ ಕೂಡಿಸಿದ ಕಾಲು. ಆದ್ದರಿಂದ "ಕಾರು ಕೆಟ್ಟದ್ದು, ನಡಿಗೆ ಒಳ್ಳೆಯದು" ಎಂಬಷ್ಟು ಸಲೀಸಾಗಿ ಈ ಮಾತು ಮುಗಿಯುವುದಿಲ್ಲ.

ಹಾಗಾದರೆ ಮಾತು ಎಲ್ಲಿದೆ? ಬನಶಂಕರಿಗೆ ಹೋದ ಬಸ್ಸಿನಲ್ಲಿ ನನಗೆ ಅದರ ಸುಳಿವು ಸಿಕ್ಕಿತು. ಬಸ್ಸಿನ ಮೆಟ್ಟಿಲು ಎತ್ತರ. ಅವ್ವ ಹತ್ತಲಾರದೆ ನಿಂತಾಗ ಒಳಗಿನಿಂದ ಒಬ್ಬ ಹೆಣ್ಣುಮಗಳು "ಬಾ ಯವ್ವಾ, ಕೈ ಕೊಡು" ಎಂದು ಎಳೆದುಕೊಂಡಳು, ನಾನು ಹಿಂದಿನಿಂದ ಆಸರೆ ಕೊಟ್ಟೆ. ಕಂಡಕ್ಟರ್ ಬಂದ. ಆ ಹೆಣ್ಣುಮಗಳಿಗೆ ಸೊನ್ನೆ ರೂಪಾಯಿಯ ಟಿಕೆಟ್, ಅವ್ವನಿಗೆ ದುಡ್ಡಿನ ಟಿಕೆಟ್. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಗಿದ್ದು ಕರ್ನಾಟಕದಲ್ಲಿ ನೆಲೆಸಿದ ಹೆಂಗಸರಿಗೆ. ಅವ್ವನ ಆಧಾರ್ ಕಾರ್ಡಿನಲ್ಲಿ ಕಳಂಬೋಲಿ ಇದೆ, ಆದ್ದರಿಂದ ಲೆಕ್ಕ ಸರಿಯಾಗಿಯೇ ಇತ್ತು. ಅವ್ವ ನಕ್ಕು, "ನಾ ಈಗ ಇಲ್ಲಿಗೆ ಬೀಗರು," ಎಂದಳು.

ಆ ಹೆಣ್ಣುಮಗಳು ಮಾತಿಗೆ ಸಿಕ್ಕಳು. ಬಾಗಲಕೋಟೆ ಸೀಮೆಯವಳು. ಬನಶಂಕರಿಗೆ ಹೋಗಬೇಕು ಎಂದು ಎಷ್ಟೋ ವರ್ಷ ಅಂದುಕೊಂಡಿದ್ದಳಂತೆ. "ಗಂಡನ್ನ ಕೇಳಬೇಕಿತ್ತ್ರಿ ರೊಕ್ಕ. ಈಗ ಕೇಳಂಗಿಲ್ಲ, ಹೇಳಿ ಬರ್ತೀನಿ ಅಷ್ಟ," ಎಂದಳು. ಅವಳ ಬಾಳಿನಲ್ಲಿ ದಾರಿಯನ್ನು ಬಿಚ್ಚಿದ್ದು ಕಾರಲ್ಲ, ಒಂದು ಚೂರು ಕಾಗದ. ಸ್ವಾತಂತ್ರ್ಯ ಎಂದರೆ ಬೇಕಾದಾಗ ಕೀಲಿ ತಿರುಗಿಸಿ ಹೊರಡುವುದು ಎಂದು ಕಾರಿನ ಜಾಹೀರಾತು ಕಲಿಸುತ್ತದೆ. ಅವಳ ಸ್ವಾತಂತ್ರ್ಯದಲ್ಲಿ ಡ್ರೈವರ್, ಕಂಡಕ್ಟರ್, ಡಿಪೊ, ತೆರಿಗೆ ಕೊಡುವ ಅಪರಿಚಿತರು ಎಲ್ಲರೂ ಇದ್ದಾರೆ. ಹಾಗಂತ ಅದು ಕಡಿಮೆ ಸ್ವಾತಂತ್ರ್ಯವೇ?

ಇಲ್ಲಿ ನಾನು ನನ್ನನ್ನೇ ಹಿಡಿದು ನಿಲ್ಲಿಸಬೇಕು. ಬಸ್ ಸ್ಟ್ಯಾಂಡಿನಲ್ಲಿ ನಾನು ಕಾದದ್ದೂ ಒಂದು ತಾಸು, ಅವಳು ಕಾದದ್ದೂ ಒಂದು ತಾಸು. ಆದರೆ ಅವೆರಡು ಒಂದೇ ತಾಸಲ್ಲ. ನನ್ನ ಕಾಯುವಿಕೆಯ ಹಿಂದೆ ಕಾದಿಟ್ಟ ರಜೆ ಇತ್ತು, ಕಿಸೆಯಲ್ಲಿ ವಾಪಸು ಟಿಕೆಟ್ ಇತ್ತು, ಬೇಸರವಾದರೆ ಆಟೋ ಮಾಡುವ ದುಡ್ಡಿತ್ತು. ಅವಳ ತಾಸಿನ ಹಿಂದೆ ಸಂಜೆಯ ಅಡುಗೆ, ದನದ ಮೇವು, ಕೊನೆಯ ಬಸ್ಸು ತಪ್ಪಿದರೆ ಎಂಬ ಅಂಜಿಕೆ ಇತ್ತು. ಆಯ್ದುಕೊಂಡ ಇಲ್ಲದಿರುವಿಕೆ ಒಂದು ವ್ರತ, ಬಂದೊದಗಿದ ಇಲ್ಲದಿರುವಿಕೆ ಕಷ್ಟ. ನಮ್ಮ ಕಡೆ ಯುಗಾದಿಗೆ ಮುಂಚೆ ನೂರಾರು ಕಿಲೋಮೀಟರ್ ನಡೆದು ಶ್ರೀಶೈಲಕ್ಕೆ ಹೋಗುವವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಅವರು ಹೋಗುವಾಗ ನಡೆಯುತ್ತಾರೆ, ಬರುವಾಗ ಬಹಳ ಮಂದಿ ಬಸ್ಸು ಹತ್ತುತ್ತಾರೆ. ನಡೆದದ್ದು ದೇವರಿಗಾಗಿ, ಬಸ್ಸಿಲ್ಲ ಎಂದಲ್ಲ.

ಹಾಗಿದ್ದರೂ ಕಾರಿಲ್ಲದೆ ಹೋದದ್ದು ನನಗೆ ಒಂದು ಕೆಲಸ ಮಾಡಿತು. ಅದು ನನ್ನನ್ನು ಅವಳಂತೆ ಮಾಡಲಿಲ್ಲ, ಅವಳು ಕಾಣುವ ಜಾಗದಲ್ಲಿ ಕೂರಿಸಿತು. ಕಾರಿನಲ್ಲಿ ಹೋಗಿದ್ದರೆ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬ ಪ್ರಶ್ನೆಯೇ ನನಗೆ ಹುಟ್ಟುತ್ತಿರಲಿಲ್ಲ. ಪಾರ್ಕಿಂಗ್ ಇಕ್ಕಟ್ಟಾಗಿದೆ, ರಸ್ತೆ ಅಗಲವಾಗಬೇಕು ಎನ್ನುವುದಷ್ಟೇ ಆ ಊರಿನ ಬಗ್ಗೆ ನನ್ನ ದೂರಾಗಿರುತ್ತಿತ್ತು. ಮನುಷ್ಯ ಯಾವುದರ ಮೇಲೆ ಒರಗಿದ್ದಾನೋ ಅದು ಚೆನ್ನಾಗಿರಲಿ ಎಂದು ಬಯಸುತ್ತಾನೆ. ಉಳ್ಳವರೆಲ್ಲ ಬಸ್ಸಿನಿಂದ ಇಳಿದುಬಿಟ್ಟರೆ, ಬಸ್ಸು ಕೆಡುತ್ತ ಹೋಗುವುದು ಅವರ ಕಣ್ಣಿಗೇ ಬೀಳುವುದಿಲ್ಲ. ಇದರಲ್ಲಿ ಅವರ ದುಷ್ಟತನವೇನೂ ಇಲ್ಲ, ಕಣ್ಣು ಬೇರೆ ಕಡೆ ಇದೆ ಅಷ್ಟೇ. ಆದರೆ ಕಣ್ಣನ್ನು ಎಲ್ಲಿ ಇಡುತ್ತೇವೆ ಎಂಬುದು ನಮ್ಮ ಕೈಯಲ್ಲಿರುವ ವಿಷಯ, ಹಾಗಾಗಿ ಅದು ನೀತಿಯ ವಿಷಯವೂ ಹೌದು.

ಯೂಟಾದಲ್ಲೇ ಇರುವ ಝಯಾನ್ ಉದ್ಯಾನ ಇದನ್ನು ಬೇರೆ ರೀತಿಯಲ್ಲಿ ಕಲಿಸಿದೆ. ಅಲ್ಲಿನ ಕಣಿವೆ ಕಾರುಗಳಿಂದ ಕಿಕ್ಕಿರಿದಾಗ 2000ದಲ್ಲಿ ಬಸ್ಸುಗಳನ್ನು ಬಿಟ್ಟರು. ಬಸ್ಸು ಓಡುವ ತಿಂಗಳುಗಳಲ್ಲಿ ಕಣಿವೆಯ ಒಳರಸ್ತೆಗೆ ಪ್ರವಾಸಿಗರ ಖಾಸಗಿ ಕಾರು ಬಿಡುವುದಿಲ್ಲ. ಶ್ರೀಮಂತನೂ ಬಸ್ಸಿನಲ್ಲೇ ಹೋಗಬೇಕು, ಮೊಣಕಾಲು ನೋವಿನ ಮುದುಕಿಯೂ ಅದೇ ಬಸ್ಸಿನಲ್ಲಿ ಹೋಗಬಹುದು. ಆ್ಯಬಿಯ ಕಾಳಜಿಯೂ ಉಳಿಯಿತು, ಅವನು ಕೊಡವಿದ್ದ ಜನರೂ ಒಳಗೆ ಬಂದರು. ಎಲ್ಲರೂ ಒಂದೇ ಬಸ್ಸಿಗೆ ಕಾಯುವಾಗ ಕಾಯುವುದು ಅವಮಾನ ಅನ್ನಿಸುವುದಿಲ್ಲ, ಅದು ಸರದಿ ಅಷ್ಟೇ.

ಐಹೊಳೆಗೆ ನಾವು ಹೋಗಲಿಲ್ಲ. ಪಟ್ಟದಕಲ್ಲಿನಲ್ಲಿ ಅವ್ವ ವಿರೂಪಾಕ್ಷ ಗುಡಿಯ ನಂದಿಯ ಎದುರು ಕೂತಳು, ಕೂತವಳು ಏಳಲಿಲ್ಲ. ಆಟೋದವನು "ಇನ್ನೊಂದ್ ಸ್ವಲ್ಪ ಮುಂದ ಐತ್ರಿ, ಹೋಗಿ ಬರೂಣು," ಎಂದ. ಅವ್ವ, "ಸಾಕಪಾ. ಎಲ್ಲಾ ನೋಡಿದ್ರ ಇದು ಮರತು ಹೋಗತೈತಿ," ಎಂದಳು. ಹುಡುಗಿಯಾಗಿದ್ದಾಗ ಅವಳು ಬನಶಂಕರಿ ಜಾತ್ರೆಗೆ ಚಕ್ಕಡಿಯಲ್ಲಿ ಬಂದವಳು. ಎತ್ತು ಎಷ್ಟು ನಡೆಯುತ್ತದೋ ಅಷ್ಟೇ ಅವಳ ಜಗತ್ತಾಗಿತ್ತು ಎಂದರೆ ಸುಳ್ಳು, ಅದಕ್ಕಿಂತ ಹೆಚ್ಚು ಅವಳಿಗೆ ಬೇಕಿತ್ತು, ಸಿಗಲಿಲ್ಲ. ಸಾಕು ಎಂದು ಹೇಳುವ ಅವಕಾಶ ಅವಳಿಗೆ ಸಿಕ್ಕಿದ್ದೇ ಈ ವಯಸ್ಸಿನಲ್ಲಿ. ಬೇಕು ಎಂದಾಗ ತಲುಪುವ ದಾರಿ ಇದ್ದವರು ಮಾತ್ರ ಸಾಕು ಎನ್ನಬಲ್ಲರು. ಉಳಿದವರು ಸುಮ್ಮನಿರುತ್ತಾರೆ, ನಾವು ಅದನ್ನೇ ತೃಪ್ತಿ ಎಂದು ತಿಳಿಯುತ್ತೇವೆ.

ಆದ್ದರಿಂದ ನನಗೆ ಈಗ ತೋರುವುದು ಇಷ್ಟು. ಕಾರಿಲ್ಲದೆ ಹೋಗುವುದು ಪುಣ್ಯವಲ್ಲ, ಕಾರಿನಲ್ಲಿ ಹೋಗುವುದು ಪಾಪವಲ್ಲ. ಆದರೆ ಕಾರಿದ್ದವನು ಮಾತ್ರ ತಲುಪುವಂತೆ ಒಂದು ಊರನ್ನು, ಒಂದು ಗುಡ್ಡವನ್ನು, ಒಂದು ದೇವಸ್ಥಾನವನ್ನು ಕಟ್ಟುವುದು ಅನ್ಯಾಯ. ನಾವು ಪರಊರಿನಲ್ಲಿ ದುಡಿದು ರಜೆಗೆ ಮರಳುವವರು. ನಮ್ಮಲ್ಲಿ ಕೆಲವರಿಗೆ ಆಯ್ಕೆ ಇದೆ. ಆಯ್ಕೆ ಇದ್ದವರು ಆಗಾಗ ಬಸ್ಸಿನಲ್ಲಿ ಹೋಗಬೇಕು. ತಮ್ಮ ಆತ್ಮಶುದ್ಧಿಗೆಂದು ಬೇಡ, ಬಸ್ಸು ಹೇಗಿದೆ ಎಂದು ಗೊತ್ತಿರಲಿ ಎಂದು. ಅದರ ಮೆಟ್ಟಿಲು ಎಷ್ಟು ಎತ್ತರ, ಕೊನೆಯದು ಎಷ್ಟು ಗಂಟೆಗೆ, ಅದು ಬರದಿದ್ದರೆ ಸ್ಟ್ಯಾಂಡಿನಲ್ಲಿ ಉಳಿಯುವವರು ಯಾರು ಎಂಬುದು ಗೊತ್ತಿದ್ದರೆ ಮಾತ್ರ, ನಾಳೆ ಊರಿನ ಬಗ್ಗೆ ಮಾತಾಡುವಾಗ ಅವರ ಪರವಾಗಿ ಒಂದು ಮಾತು ಸೇರಿಸಲು ನಮಗೆ ಬಾಯಿ ಬರುತ್ತದೆ.