ಆರಾಯಿತಲ್ಲ

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಸಾಲಿನ ಒಂದು ಕ್ಯಾಂಪ್‌ಗ್ರೌಂಡ್. ಆಗಸ್ಟ್ ತಿಂಗಳ ಒಂದು ಬೆಳಗ್ಗೆ ನಾವು ನಾಲ್ಕು ಕನ್ನಡದ ಮನೆಗಳವರು ಗಡಿಯಾರ ನೋಡುತ್ತ ನಿಂತಿದ್ದೆವು. ಐದೂವರೆಗೇ ಎದ್ದಾಗಿತ್ತು. ದೂರದ ದಾರಿ, ಬೇಸಿಗೆಯ ಮಧ್ಯಾಹ್ನ ಅಲ್ಲಿ ಗುಡುಗು ಕಟ್ಟಿಕೊಳ್ಳುವ ಮೊದಲೇ ಮೇಲಿನ ಬೋಳು ಬಂಡೆಯಿಂದ ಇಳಿದುಬಿಡಬೇಕಿತ್ತು. ಆದರೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಮಾಡಬಾರದು ಎಂದು ಫಲಕದಲ್ಲಿ ಬರೆದಿತ್ತು. ನಾವು ನಿಯಮಕ್ಕೆ ತಲೆಬಾಗುವವರು. ಅರ್ಧ ಗಂಟೆ ಪಿಸುಮಾತಿನಲ್ಲೇ ಕಳೆದೆವು, ಮಕ್ಕಳ ಬಾಯಿಗೆ ಬೆರಳಿಟ್ಟೆವು. ಕೊನೆಗೆ ಗೆಳೆಯನೊಬ್ಬ ಕೈಗಡಿಯಾರ ನೋಡಿ, ‘ಆರಾಯಿತಲ್ಲ, ಇನ್ನೇನು’ ಎಂದ.

ಆಮೇಲೆ ಕರಡಿ ಪೆಟ್ಟಿಗೆಯ ಬಾಗಿಲು ತೆರೆಯಿತು. ಆ ಕಡೆ ಹೋದವರಿಗೆ ಅದರ ಸದ್ದು ಗೊತ್ತು. ತಿನ್ನುವುದು, ವಾಸನೆ ಇರುವುದು, ಹಲ್ಲುಜ್ಜುವ ಪೇಸ್ಟು ಕೂಡ, ರಾತ್ರಿ ಟೆಂಟಿನಲ್ಲಿರಕೂಡದು. ಕರಿಕರಡಿ ಮೂಸಿಕೊಂಡು ಬರುತ್ತದೆ. ಅದಕ್ಕೆಂದೇ ದಪ್ಪ ಉಕ್ಕಿನ ಪೆಟ್ಟಿಗೆಗಳನ್ನು ನೆಲಕ್ಕೆ ಬಿಗಿದು ನಿಲ್ಲಿಸಿದ್ದಾರೆ. ಬಾಗಿಲಿಗೆ ಭಾರದ ಚಿಲಕ. ಕಾಫಿಪುಡಿಗೊಮ್ಮೆ, ಹಾಲಿಗೊಮ್ಮೆ, ಮರೆತ ಸಕ್ಕರೆಗೊಮ್ಮೆ ಅದನ್ನು ತೆರೆದು ಬಡಿದೆವು. ನಾನೇ ಮೂರು ಸಲ ಬಡಿದೆ. ಕಾರು ಕೀಲಿ ಒತ್ತಿದಾಗಲೆಲ್ಲ ಕುಂಯ್ ಎಂದಿತು. ಮಕ್ಕಳನ್ನು ಹೆಸರು ಹಿಡಿದು ಕೂಗಿದೆವು. ಅಷ್ಟೂ ಸದ್ದು ಆರರ ನಂತರದ್ದು, ಅಂದರೆ ಸಕ್ರಮವಾದದ್ದು.

ಸಂಜೆ ವಾಪಸು ಬಂದಾಗ ಪಕ್ಕದ ಟೆಂಟಿನ ತಾಯಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದಳು. ನಡಿಗೆ ಹೇಗಿತ್ತು ಎಂದು ನಗುತ್ತಲೇ ವಿಚಾರಿಸಿದಳು. ಕೂಸಿಗೆ ಹಲ್ಲು ಬರುತ್ತಿದೆ, ರಾತ್ರಿಯೆಲ್ಲ ಅತ್ತು ಬೆಳಗ್ಗೆ ಐದಕ್ಕೆ ಕಣ್ಣು ಮುಚ್ಚಿತ್ತು ಎಂದಳು. ಅದರಾಚೆ ಒಂದು ಮಾತೂ ಆಡಲಿಲ್ಲ. ಗಡಿಯಾರವನ್ನು ಸಾಕ್ಷಿಗೆ ಕರೆಯಲು ನನಗೆ ಬಾಯಿ ಬರಲಿಲ್ಲ. ಅಂದಿನಿಂದ ನನ್ನನ್ನು ಬಿಡದ ಪ್ರಶ್ನೆ ಇದು: ಆರು ಗಂಟೆಗೆ ಮುಗಿದದ್ದು ಏನು? ಅವಳ ನಿದ್ದೆಯಂತೂ ಅಲ್ಲ.

ನಿಯಮವನ್ನು ದೂರುವುದು ಸುಲಭ. ಆದರೆ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ನಿಯಮಾವಳಿಯನ್ನು ಓದಿ ನೋಡಿದರೆ, ಅದು ನಮಗಿಂತ ಹೆಚ್ಚು ಯೋಚಿಸಿದೆ. ರಾತ್ರಿ 10ರಿಂದ ಬೆಳಗ್ಗೆ 6ರೊಳಗೆ ವಿವೇಚನೆಯಿಲ್ಲದ ಸದ್ದು ಮಾಡುವುದು ತಪ್ಪು ಎಂದು ಹೇಳಿ ಅಲ್ಲಿಗೇ ಬಿಡುವುದಿಲ್ಲ. ಸದ್ದು ಮಾಡಿದವನು ಮಾಡುತ್ತಿದ್ದದ್ದೇನು, ಯಾಕೆ, ಜಾಗ ಎಂಥದು, ಉಳಿದವರ ಮೇಲೆ ಪರಿಣಾಮವೇನು, ಅದೇ ಸನ್ನಿವೇಶದಲ್ಲಿ ಎಚ್ಚರವುಳ್ಳ ಮನುಷ್ಯ ಹೇಗೆ ನಡೆದುಕೊಳ್ಳುತ್ತಿದ್ದ, ಇವನ್ನೆಲ್ಲ ತೂಗಬೇಕು ಎನ್ನುತ್ತದೆ. ರೇಡಿಯೊ, ಯಂತ್ರಗಳ ಸದ್ದಿಗೆ 50 ಅಡಿ ದೂರದಲ್ಲಿ 60 ಡೆಸಿಬಲ್ ಎಂಬ ಮಿತಿ ಬೇರೆ ಇದೆ. ಅದು ರಾತ್ರಿಗಷ್ಟೇ ಅಲ್ಲ, ಹಗಲಿಗೂ ಸೇರಿದ್ದು. ನಿಯಮ ಬರೆದವರು ಗಡಿಯಾರವನ್ನು ಬೇಲಿಯಾಗಿ ನಿಲ್ಲಿಸಿದ್ದರು. ಅದನ್ನು ಬಾಗಿಲೆಂದು ತಿಳಿದು ನುಗ್ಗಿದವರು ನಾವು.

ಈ ಎಂಟು ಗಂಟೆಗಳು ಊರೂರಿಗೂ ಒಂದೇ ಆಗಿರುವುದು ನೋಡಿ. ಭಾರತದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲೂ ರಾತ್ರಿಯೆಂದರೆ 10ರಿಂದ 6. ನಮ್ಮ ರೈಲಿನ ಸ್ಲೀಪರ್ ಬೋಗಿಯಲ್ಲಿ ಮಿಡ್ಲ್ ಬರ್ತ್ ಬಿಚ್ಚಿ ಮಲಗಲು ಸಿಗುವ ಹೊತ್ತೂ 10ರಿಂದ 6. ಆರಾಯಿತೆಂದರೆ ಕೆಳಗಿನ ಬರ್ತಿನವರು ಮೇಲಿನವರ ಕಾಲು ಅಲುಗಿಸಿ ಎಬ್ಬಿಸಬಹುದು, ಅದು ಅವರ ಹಕ್ಕು. ಆದರೂ ಎಷ್ಟು ಸಲ ಕಂಡಿಲ್ಲ, ಮಿಡ್ಲ್ ಬರ್ತಿನಲ್ಲಿ ಯಾರೋ ಹಿರಿಯರು ಬಾಯಿ ತೆರೆದು ಮಲಗಿದ್ದಾರೆಂದು ಕೆಳಗಿನವನು ಕತ್ತು ಬಾಗಿಸಿಕೊಂಡು, ಕಿಟಕಿಗೆ ಒರಗಿ, ಏಳೂವರೆಯವರೆಗೆ ಹಾಗೇ ಕುಳಿತಿರುವುದನ್ನು? ಅವನಿಗೆ ನಿಯಮ ಗೊತ್ತಿಲ್ಲವೆಂದಲ್ಲ. ನಿಯಮ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಮುಂದಿನ ಕೆಲಸ ತನ್ನದು ಎಂದು ಅವನಿಗೆ ಹೇಳದೆಯೇ ಗೊತ್ತು.

ಬೆಳಗಿನ ಸದ್ದಿಗೆ ಬಲ ಹೆಚ್ಚು. ಗಾಢ ನಿದ್ದೆಯ ಬಹುಪಾಲು ರಾತ್ರಿಯ ಮೊದಲ ಭಾಗದಲ್ಲೇ ಮುಗಿದಿರುತ್ತದೆ. ಜಾವದ ಹೊತ್ತಿಗೆ ಉಳಿಯುವುದು ಕನಸಿನ, ತೆಳುವಾದ ನಿದ್ದೆ. ಹನ್ನೊಂದಕ್ಕೆ ಎಚ್ಚರವಾದವನು ಮಗ್ಗುಲು ಬದಲಿಸಿ ಮತ್ತೆ ಮಲಗಿಯಾನು, ಐದೂವರೆಗೆ ಎಚ್ಚರವಾದವನಿಗೆ ಮತ್ತೆ ನಿದ್ದೆ ಹತ್ತುವುದು ಕಷ್ಟ. ಗಾಳಿಯಿಲ್ಲದ, ಮೋಡವಿಲ್ಲದ ರಾತ್ರಿ ಕಳೆದಾಗ ನೆಲದ ಹತ್ತಿರ ತಣ್ಣನೆಯ ಗಾಳಿ ಕೂತು ಅದರ ಮೇಲೆ ಬೆಚ್ಚಗಿನ ಗಾಳಿ ಇರುತ್ತದೆ. ಮೇಲೆ ಹೋಗಬೇಕಾದ ಸದ್ದು ಬಾಗಿ ಮತ್ತೆ ನೆಲಕ್ಕೇ ಇಳಿದು ದೂರದವರೆಗೆ ಹರಿಯುತ್ತದೆ. ಊರಿನಲ್ಲಾದರೆ ಫ್ಯಾನು, ಫ್ರಿಜ್ಜು, ರಸ್ತೆಯ ಗೊರಗೊರದಲ್ಲಿ ಒಂದು ಚಿಲಕದ ಸದ್ದು ಮುಳುಗಿಹೋಗುತ್ತದೆ. ಕಾಡಿನಲ್ಲಿ ಮುಳುಗಿಸಲು ಬೇರೆ ಸದ್ದೇ ಇಲ್ಲ. ಗೋಡೆಯೆಂದರೆ ಒಂದು ಪದರ ನೈಲಾನ್ ಬಟ್ಟೆ. ಆ ಬಟ್ಟೆಗೆ ಕಣ್ಣನ್ನು ತಡೆಯಲು ಬರುತ್ತದೆ, ಕಿವಿಯನ್ನಲ್ಲ. ಮರೆಯಿದೆಯೆಂದು ನಂಬಿ ಅದರಾಚೆ ನಿಂತು ಮಾತಾಡುವವರಿಗೆ ಇದು ಹೊಳೆಯುವುದಿಲ್ಲ.

ಹಾಗಾದರೆ ಎಲ್ಲವೂ ಡೆಸಿಬಲ್ ಲೆಕ್ಕವೇ? ಅಲ್ಲ. ಮಲೆನಾಡಿನ ಹಳ್ಳದ ಬದಿಯ ಮನೆಗಳಲ್ಲಿ ಮಳೆಗಾಲದ ನಸುಕಿಗೆ ಮಲಬಾರ್ ವಿಸ್ಲಿಂಗ್ ಥ್ರಷ್ ಹಾಡಿ ಎಬ್ಬಿಸುತ್ತದೆ. ದಾರಿ ಮರೆತ ಹುಡುಗ ಶಿಳ್ಳೆ ಹಾಕುತ್ತ ಹೋದಂತೆ ಅದರ ಹಾಡು, ಸಣ್ಣ ದನಿಯೇನಲ್ಲ. ನಿದ್ದೆ ಹೋಗುತ್ತದೆ, ಸಿಟ್ಟು ಬರುವುದಿಲ್ಲ. ತತ್ವಜ್ಞಾನಿ ಕಾಂಟ್ ನೆರೆಮನೆಯ ಹುಂಜದ ಕೂಗು ತಾಳಲಾರದೆ ಮನೆಯನ್ನೇ ಬದಲಿಸಿದನೆಂದು ಅವನ ಜೀವನಚರಿತ್ರೆ ಹೇಳುತ್ತದೆ. ಅವನೂ ಮೊದಲು ಮಾತಾಡಿದ್ದು ಹುಂಜದ ಒಡೆಯನೊಡನೆ: ಎಷ್ಟಾದರೂ ಸರಿ, ಮಾರು ಎಂದು ಕೇಳಿದ್ದ. ಒಡೆಯ ಒಪ್ಪಲಿಲ್ಲ. ಹಕ್ಕಿಗೆ ನಾನು ಇಲ್ಲಿ ಮಲಗಿರುವುದು ಗೊತ್ತಿಲ್ಲ, ಮನುಷ್ಯನಿಗೆ ಗೊತ್ತು. ಅವನ ಸದ್ದಿನಲ್ಲಿ ಸದ್ದಿನ ಜೊತೆಗೆ ಒಂದು ಮಾತೂ ಕೇಳಿಸುತ್ತದೆ, ನೀನು ನನ್ನ ಲೆಕ್ಕದಲ್ಲಿ ಇರಲಿಲ್ಲ ಎಂಬ ಮಾತು. ನಿದ್ದೆ ಕಳೆದ ನಷ್ಟ ಮಧ್ಯಾಹ್ನದ ಹೊತ್ತಿಗೆ ತುಂಬಿಕೊಂಡೀತು. ಈ ಮಾತು ಕೇಳಿಸಿಕೊಂಡ ಕಿವಿಗೆ ಅದು ದಿನವಿಡೀ ಕೇಳಿಸುತ್ತದೆ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ, ಅದನ್ನು ತಳ್ಳಿಹಾಕಲಾರೆ. ಸದ್ದು ಮಾಡುವವನಿಂದ ಮಲಗಿದವನಿಗೆ ತೊಂದರೆ ಎನ್ನುತ್ತೇವೆ; ಮಲಗಿದವನಿಂದ ಎದ್ದವನಿಗೂ ತೊಂದರೆಯೇ ಅಲ್ಲವೇ? ಅವನೂ ದುಡ್ಡು ಕೊಟ್ಟು ಬಂದವನು, ಅವನಿಗೂ ಸೂರ್ಯೋದಯ ಬೇಕು. ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1960ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಇದನ್ನೇ ವಾದಿಸಿದರು. ಅವರು ಎತ್ತಿಕೊಂಡ ಉದಾಹರಣೆಗಳಲ್ಲಿ ಒಂದು ಸದ್ದಿನದೇ: 1879ರಲ್ಲಿ ತೀರ್ಮಾನವಾದ ಲಂಡನ್ನಿನ ಮೊಕದ್ದಮೆ. ಮಿಠಾಯಿಯವನೊಬ್ಬ ವರ್ಷಗಟ್ಟಲೆ ಒರಳಿನಲ್ಲಿ ಕುಟ್ಟುತ್ತಿದ್ದ. ಪಕ್ಕದ ವೈದ್ಯ ಗೋಡೆಗೆ ತಾಗಿಸಿ ರೋಗಿಗಳನ್ನು ನೋಡುವ ಕೋಣೆ ಕಟ್ಟಿಸಿದ ಮೇಲೆ ಆ ಸದ್ದು ತೊಂದರೆಯಾಯಿತು. ನ್ಯಾಯಾಲಯ ವೈದ್ಯನ ಪರ ನಿಂತಿತು. ಕೋಸ್ ಹೇಳುವುದೇನೆಂದರೆ ತೊಂದರೆ ಎರಡು ಕಡೆಯಿಂದಲೂ ಇದೆ, ವೈದ್ಯನನ್ನು ಉಳಿಸಿದರೆ ಮಿಠಾಯಿಯವನಿಗೆ ಪೆಟ್ಟು. ಮಾತುಕತೆಗೆ ಖರ್ಚಿಲ್ಲದಿದ್ದರೆ ಇಬ್ಬರೂ ಕುಳಿತು ಚೌಕಾಸಿ ಮಾಡಿಕೊಂಡು ಯಾರಿಗೆ ಹೆಚ್ಚು ಬೇಕೋ ಅವರಿಗೆ ಬಿಟ್ಟುಕೊಟ್ಟಾರು.

ಈ ವಾದವನ್ನು ಟೆಂಟಿನ ಮುಂದೆ ತಂದು ನಿಲ್ಲಿಸಿ. ನಿದ್ದೆ ಮಾಡುತ್ತಿರುವವಳೊಡನೆ ಚೌಕಾಸಿ ಹೇಗೆ? ‘ಸ್ವಲ್ಪ ಸದ್ದು ಮಾಡಬಹುದೇ’ ಎಂದು ಕೇಳಬೇಕಾದರೆ ಅವಳನ್ನು ಎಬ್ಬಿಸಬೇಕು. ಕೇಳಿದ ಕ್ಷಣವೇ, ಯಾವುದಕ್ಕಾಗಿ ಕೇಳುತ್ತಿದ್ದೇವೋ ಅದು ಹೋಗಿಬಿಟ್ಟಿರುತ್ತದೆ. ಲೋಕದ ಬಹುತೇಕ ಜಗಳಗಳಲ್ಲಿ ಎದುರಿನವರನ್ನು ವಿಚಾರಿಸುವುದೇ ಸಜ್ಜನಿಕೆಯ ಮೊದಲ ಹೆಜ್ಜೆ. ಇಲ್ಲಿ ಮಾತ್ರ ವಿಚಾರಿಸುವುದೇ ಅಪರಾಧ. ಅವಳ ಮೌನ ಒಪ್ಪಿಗೆಯಲ್ಲ, ತಕರಾರೂ ಅಲ್ಲ. ಅವಳು ಆ ಸಭೆಯಲ್ಲೇ ಇಲ್ಲ. ಹಾಗಿರುವಾಗ ಅವಳ ಪರವಾಗಿ ಮಾತಾಡುವವರು ಯಾರು? ಫಲಕದ ಮೇಲಿನ ನಿಯಮ ಎಂಟು ಗಂಟೆಗಳ ಕಾಲ ಅವಳ ವಕೀಲನಾಗಿ ನಿಂತಿರುತ್ತದೆ. ಆರಕ್ಕೆ ವಕೀಲ ಎದ್ದು ಹೋಗುತ್ತಾನೆ, ಕಕ್ಷಿದಾರಳು ಮಲಗಿಯೇ ಇರುತ್ತಾಳೆ. ಆ ಹೊತ್ತಿನಿಂದ ಅವಳ ವಕಾಲತ್ತು ಎಚ್ಚರವಾಗಿರುವ ನಮ್ಮದೇ, ಅಂದರೆ ಸದ್ದಿನಿಂದ ಲಾಭವಿರುವ ನಮ್ಮದೇ. ನಿದ್ದೆಯ ನೀತಿ ಕಷ್ಟವಾಗುವುದು ಇಲ್ಲಿ. ಎಚ್ಚರವಿರುವವನು ಮೆತ್ತಗೆ ನಡೆಯಬಲ್ಲ, ಮಲಗಿದವಳು ಬೇಕೆಂದಾಗ ಕಿವುಡಾಗಲಾರಳು. ಕಿವಿಗೆ ರೆಪ್ಪೆಯಿಲ್ಲ.

ಮುಂಚೆ ಏಳುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಆಲ್ಪ್ಸ್ ಪರ್ವತದ ಗುಡಿಸಲು ತಂಗುದಾಣಗಳಲ್ಲಿ ಒಂದೇ ಕೋಣೆಯಲ್ಲಿ ಹತ್ತಾರು ಜನ ಸಾಲಾಗಿ ಮಲಗುತ್ತಾರೆ. ಶಿಖರಕ್ಕೆ ಹೋಗುವವರು ರಾತ್ರಿ ಎರಡಕ್ಕೋ ಮೂರಕ್ಕೋ ಏಳಲೇಬೇಕು, ಬಿಸಿಲೇರಿದರೆ ಹಿಮ ಸಡಿಲಗೊಂಡು ಜೀವಕ್ಕೆ ಅಪಾಯ. ಯಾರೂ ಅವರನ್ನು ಬೈಯುವುದಿಲ್ಲ. ಆದರೆ ಹಗ್ಗ, ಕೊಕ್ಕೆ, ಚೀಲಗಳನ್ನೆಲ್ಲ ಹಿಂದಿನ ರಾತ್ರಿಯೇ ಕಟ್ಟಿ ಬಾಗಿಲ ಹೊರಗೆ ಇಟ್ಟಿರಬೇಕೆಂಬುದು ಅಲ್ಲಿನ ರೂಢಿ. ಕತ್ತಲಲ್ಲಿ ಪ್ಲಾಸ್ಟಿಕ್ ಚೀಲ ಪರಪರ ಮಾಡುವವನನ್ನು ಯಾರೂ ಮೆಚ್ಚುವುದಿಲ್ಲ. ಅಲ್ಲಿ ಬೆಳಗಿನ ನಿಶ್ಶಬ್ದ ತಯಾರಾಗುವುದು ಹಿಂದಿನ ಸಂಜೆ.

ನಾವು ಎಡವುವುದು ಬೇರೆ ಕಡೆ ಎಂದು ನನ್ನ ಅನಿಸಿಕೆ. ರಾತ್ರಿ ಹನ್ನೆರಡಕ್ಕೆ ಹಾಡು ಹಾಕುವವನಿಗೆ ತಾನು ತಪ್ಪು ಮಾಡುತ್ತಿದ್ದೇನೆಂದು ಒಳಗೆ ಗೊತ್ತಿರುತ್ತದೆ. ಯಾರಾದರೂ ಗದರಿದರೆ ತಲೆ ತಗ್ಗಿಸುತ್ತಾನೆ. ಬೆಳಗಿನವನ ಕಥೆ ಹಾಗಲ್ಲ. ಬೇಗ ಏಳುವುದು ಪುಣ್ಯ, ತಡವಾಗಿ ಏಳುವುದು ಸೋಮಾರಿತನ ಎಂದು ನಮ್ಮನ್ನು ಬೆಳೆಸಿದ್ದಾರೆ. ‘ಇನ್ನೂ ಮಲಗಿದ್ದಾರಾ’ ಎಂಬ ಮಾತಿನಲ್ಲೇ ತೀರ್ಪು ಇದೆ. ಎದ್ದವನ ಸದ್ದಿಗೆ ಅವನ ಪುಣ್ಯವೇ ರಕ್ಷೆಯಾಗಿ, ಮಲಗಿದವನೇ ಅಪರಾಧಿಯಾಗುತ್ತಾನೆ. ಹಲ್ಲು ಬರುತ್ತಿರುವ ಕೂಸನ್ನು ರಾತ್ರಿಯೆಲ್ಲ ಎತ್ತಿಕೊಂಡವಳು, ಹನ್ನೆರಡರವರೆಗೆ ಕಾರು ಓಡಿಸಿ ಬಂದವನು, ಮಂಡಿನೋವಿನ ಮುದುಕ, ಇವರೆಲ್ಲ ಆ ‘ಇನ್ನೂ ಮಲಗಿದ್ದಾರಾ’ದೊಳಗೆ ಸೋಮಾರಿಗಳೇ. ಬ್ರಾಹ್ಮೀ ಮುಹೂರ್ತವೆಂದು ಸೂರ್ಯೋದಯಕ್ಕೆ 96 ನಿಮಿಷ ಮೊದಲು ಶುರುವಾಗುವ ಹೊತ್ತನ್ನು ಹಿರಿಯರು ಬೇರೆ ಮಾಡಿ ಇಟ್ಟದ್ದು ಧ್ಯಾನಕ್ಕೆ, ಓದಿಗೆ. ಆ ಹೊತ್ತಿನ ಬೆಲೆಯೆಲ್ಲ ಅದರ ಮೌನದಲ್ಲೇ ಇತ್ತು. ಅದನ್ನೇ ಹೇಳಿಕೊಂಡು ಸದ್ದು ಮಾಡುವುದು ನನಗೆ ನೋವಾಗುವ ಸಂಗತಿ.

ನನ್ನ ಅಜ್ಜಿ ದಿನಾ ನಾಲ್ಕೂವರೆಗೆ ಏಳುತ್ತಿದ್ದಳು. ರಜೆಯಲ್ಲಿ ಪಡಸಾಲೆಯ ತುಂಬ ನಾವು ಮೊಮ್ಮಕ್ಕಳು ಸಾಲಾಗಿ ಮಲಗಿರುತ್ತಿದ್ದೆವು. ಟೆಂಟಿಲ್ಲದ ಕ್ಯಾಂಪ್ ಅದು. ಏಳುತ್ತಲೇ ಅವಳು ಮಾಡುತ್ತಿದ್ದ ಮೊದಲ ಕೆಲಸ, ಬಳೆಗಳನ್ನು ಮೊಳಕೈಯತ್ತ ಏರಿಸಿ ಬಿಗಿಮಾಡಿಕೊಳ್ಳುವುದು. ಹಿತ್ತಿಲ ಬಾಗಿಲ ಚಿಲಕದ ಕೆಳಗೆ ಬೆರಳಿಟ್ಟು ಇಳಿಸುತ್ತಿದ್ದಳು. ಮಲಗಿದವರನ್ನು ದಾಟಬಾರದೆಂದು ಗೋಡೆ ಹಿಡಿದು ಸುತ್ತಿ ಹೋಗುತ್ತಿದ್ದಳು. ಕೊಡಪಾನವನ್ನು ಸಿಂಬಿಯ ಮೇಲೆ ಇಡುತ್ತಿದ್ದಳು, ಮಜ್ಜಿಗೆ ಕಡೆಯುವುದನ್ನು ಬಿಸಿಲು ಬರುವವರೆಗೆ ಮುಂದೂಡುತ್ತಿದ್ದಳು. ಇವೆಲ್ಲ ನನಗೆ ಗೊತ್ತಾದದ್ದು ಜ್ವರ ಬಂದು ಎಚ್ಚರವಾಗಿದ್ದ ಒಂದು ನಸುಕಿನಲ್ಲಿ. ಉಳಿದ ಅಷ್ಟೂ ವರ್ಷ ಅವಳ ಆ ಕೆಲಸ ನಮ್ಮ ಅರಿವಿಗೇ ಬಂದಿರಲಿಲ್ಲ. ಚೆನ್ನಾಗಿ ಮಾಡಿದರೆ ಯಾರಿಗೂ ಗೊತ್ತಾಗದ ಉಪಕಾರ ಅದು.

ಈಗ ಊರಿಗೆ ಬಂದಾಗ ಚಿಕ್ಕಮಗಳೂರು, ಸಕಲೇಶಪುರದ ಕಡೆ ಕಾಫಿ ತೋಟಗಳ ಅಂಚಿನಲ್ಲಿ ಟೆಂಟುಗಳ ಸಾಲು ಕಾಣುತ್ತದೆ. ಬೆಂಕಿಯ ಸುತ್ತ ಸ್ಪೀಕರ್. ಅಲ್ಲಿ ಮಲಗಿದವರೆಂದರೆ ಪಕ್ಕದ ಟೆಂಟಿನವರಷ್ಟೇ ಅಲ್ಲ. ತೋಟದ ಲೈನ್ ಮನೆಗಳಲ್ಲಿ ಬೆಳಗಾದರೆ ಹಣ್ಣು ಕೊಯ್ಯಲು ಹೋಗಬೇಕಾದವರಿದ್ದಾರೆ. ಅವರು ರಜೆಗೆ ಬಂದವರಲ್ಲ, ಯಾವ ಫಲಕವೂ ಅವರನ್ನು ನೆನೆಸಿ ಬರೆದದ್ದಲ್ಲ.

ಮರುವರ್ಷ ಅದೇ ಸಿಯೆರಾಕ್ಕೆ ಮತ್ತೆ ಹೋದೆವು. ಕಾಫಿಪುಡಿ, ಸಕ್ಕರೆ, ಲೋಟ, ಮಕ್ಕಳ ಬುತ್ತಿ ಎಲ್ಲವನ್ನೂ ರಾತ್ರಿಯೇ ಒಂದು ಚೀಲಕ್ಕೆ ಹಾಕಿ ಪೆಟ್ಟಿಗೆಯ ಮುಂಭಾಗದಲ್ಲೇ ಇಟ್ಟೆ, ಒಂದೇ ಸಲ ತೆರೆದರೆ ಸಾಕಾಗುವಂತೆ. ಕಾರನ್ನು ದೂರದ ನಿಲ್ದಾಣದಲ್ಲಿ ಬಿಟ್ಟಿದ್ದೆವು. ಬೆಳಗ್ಗೆ ನಾನು ಪೆಟ್ಟಿಗೆಯ ಹತ್ತಿರ ಹೋದಾಗ ಆರೂಕಾಲು ಆಗಿತ್ತು. ಉಕ್ಕು ಮಂಜಿನಂತೆ ತಣ್ಣಗಿತ್ತು. ಚೀಲ ತೆಗೆದು, ಬಾಗಿಲನ್ನು ಮೊಣಕಾಲಿನಿಂದ ಆನಿಸಿ, ಚಿಲಕದ ಕೆಳಗೆ ಬೆರಳಿಟ್ಟು ಇಳಿಸಿದೆ. ಅದರ ಭಾರವೆಲ್ಲ ಬೆರಳ ಮೇಲೆ ಬಂತು. ಪಕ್ಕದಲ್ಲಿ ಯಾರದೋ ಹಸಿರು ಟೆಂಟು, ಹೊರಗೆ ಎರಡು ಜೊತೆ ದೊಡ್ಡ ಬೂಟು, ಒಂದು ಜೊತೆ ತೀರಾ ಚಿಕ್ಕದು. ಜಿಪ್ ಮುಚ್ಚಿತ್ತು.