ಸೂರ್ಯನ ಎಲ್ಲೆ ದಾಟಿದವುಗಳ ಪರವಾಗಿ ಒಂದು ಅರಿಕೆ

ಸ್ವಾಮೀ, ನಿನ್ನ ಮುಂದೆ ನಿಂತು ಮಳೆ, ಬೆಳೆ, ಮಕ್ಕಳ ಓದು ಎಂದು ಬೇಡುವವರ ಸಾಲಿನಲ್ಲಿ ನಾನೂ ನಿಂತವನೇ. ಇವತ್ತು ಎರಡು ಯಂತ್ರಗಳ ಪರವಾಗಿ ಬಂದಿದ್ದೇನೆ. 1977ರ ಆಗಸ್ಟ್ 20ರಂದು ವಾಯೇಜರ್-2, ಸೆಪ್ಟೆಂಬರ್ 5ರಂದು ವಾಯೇಜರ್-1 ಫ್ಲೋರಿಡಾದಿಂದ ಹೊರಟವು. ಗುರು, ಶನಿಗಳನ್ನು ನೋಡಲೆಂದು ಕಳಿಸಿದ್ದು. ನೋಡಿದ ಮೇಲೂ ಅವು ನಿಲ್ಲಲಿಲ್ಲ.

ಮೊದಲು ಲೆಕ್ಕ ಒಪ್ಪಿಸುತ್ತೇನೆ. ಸೂರ್ಯನಿಂದ ಬೀಸುವ ಕಣಗಳ ಗಾಳಿ ಒಂದು ದೊಡ್ಡ ಗುಳ್ಳೆಯನ್ನು ಉಬ್ಬಿಸಿದೆ, ನಾವೆಲ್ಲ ಅದರೊಳಗಿದ್ದೇವೆ. ಹೊರಗಿನಿಂದ ನುಗ್ಗುವ ವಿಶ್ವಕಿರಣಗಳಲ್ಲಿ ಬಹುಪಾಲನ್ನು ತಡೆಯುವುದು ಅದೇ. ಅದರ ಅಂಚು ಎಲ್ಲಿದೆ ಎಂಬುದು ಬಹುಕಾಲ ಊಹೆಯ ಮಾತಾಗಿತ್ತು. 2012ರ ಆಗಸ್ಟ್ 25ರಂದು, ಭೂಮಿಗೂ ಸೂರ್ಯನಿಗೂ ಇರುವ ದೂರದ ಸುಮಾರು 121 ಪಟ್ಟು ಆಚೆ, ವಾಯೇಜರ್-1 ಆ ಅಂಚನ್ನು ದಾಟಿತು.

ದಾಟಿತೆಂದು ಒಪ್ಪುವುದಕ್ಕೇ ವರ್ಷ ಹಿಡಿಯಿತು. ಒಳಗಿನ ಕಣಗಳು ಇದ್ದಕ್ಕಿದ್ದಂತೆ ಕಾಣೆಯಾದವು, ವಿಶ್ವಕಿರಣಗಳು ಏರಿದವು. ಆದರೆ ಕಾಂತಕ್ಷೇತ್ರದ ದಿಕ್ಕು ಬದಲಾಗಬೇಕಿತ್ತು, ಬದಲಾಗಲಿಲ್ಲ. ಸುತ್ತಲಿನ ಪ್ಲಾಸ್ಮಾ, ಅಂದರೆ ವಿದ್ಯುದಾವೇಶದ ಕಣಗಳ ಅನಿಲ, ಎಷ್ಟು ದಟ್ಟವಾಗಿದೆ ಎಂದು ಅಳೆದಿದ್ದರೆ ವಾದ ಮುಗಿಯುತ್ತಿತ್ತು. ಅಳೆಯುವ ಉಪಕರಣವೋ 1980ರಲ್ಲೇ ಕೆಟ್ಟಿತ್ತು. ಆಗ ಸೂರ್ಯನೇ ಸಾಕ್ಷಿ ಹೇಳಿದ. 2012ರ ಮಾರ್ಚ್‌ನಲ್ಲಿ ಅವನು ಸಿಡಿಸಿದ ಅಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆದು, 2013ರ ಏಪ್ರಿಲ್‌ನಲ್ಲಿ ನೌಕೆಯನ್ನು ಮುಟ್ಟಿತು. ಅಲ್ಲಿನ ಪ್ಲಾಸ್ಮಾ ಕಂಪಿಸಿತು. ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನಾದದಲ್ಲೇ ಅದರ ಗಟ್ಟಿತನ ತಿಳಿಯುವಂತೆ, ವಿಜ್ಞಾನಿ ಡಾನ್ ಗರ್ನೆಟ್ ಮತ್ತು ಅವರ ಜೊತೆಯವರು ಆ ಕಂಪನದ ಶ್ರುತಿಯಿಂದ ದಟ್ಟಣೆ ಲೆಕ್ಕ ಹಾಕಿದರು. ಗುಳ್ಳೆಯ ಹೊರಪದರದಲ್ಲಿ ಇದ್ದದ್ದಕ್ಕಿಂತ 40 ಪಟ್ಟಿಗೂ ಹೆಚ್ಚು! ದಾಟಿಯಾಗಿತ್ತು. ಎಷ್ಟು ದೊಡ್ಡ ದೂರದರ್ಶಕ ಕಟ್ಟಿದರೂ ಇದು ಸಿಗುತ್ತಿರಲಿಲ್ಲ, ಸ್ವಾಮೀ. ಅಲ್ಲಿ ಇದ್ದೇ ತಿಳಿಯಬೇಕಿತ್ತು.

ವಾಯೇಜರ್-1 ಸೌರವ್ಯೂಹವನ್ನೇ ಬಿಟ್ಟುಹೋಯಿತು ಎಂದು ಪತ್ರಿಕೆಗಳು ಬರೆದದ್ದನ್ನು ಕಂಡು ನೀನು ನಕ್ಕಿರಬೇಕು. ದಾಟಿದ್ದು ಸೂರ್ಯನ ಗಾಳಿಯನ್ನು, ಅವನ ಸೆಳೆತವನ್ನಲ್ಲ. ಆ ಸೆಳೆತದಲ್ಲೇ ಇರುವ ಊರ್ಟ್ ಮೋಡದ ಒಳಂಚು ಮುಟ್ಟಲು ಇನ್ನೂ ಸುಮಾರು 300 ವರ್ಷ ಬೇಕು.

ಆ ನೌಕೆಗಳಲ್ಲಿರುವ ಚಿನ್ನದ ಲೇಪದ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಅವುಗಳಲ್ಲಿ ನಮ್ಮ ಕನ್ನಡವೂ ಒಂದು. ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ಹೆಮ್ಮೆಪಡುವವರು ಪಡಲಿ. ಅದನ್ನು ಯಾರೂ ಕೇಳದೆ ಹೋದರೂ ನನಗೆ ಚಿಂತೆಯಿಲ್ಲ. ನಾನು ಕಾಯುವುದು ಅಲ್ಲಿಂದ ಇಲ್ಲಿಗೆ ಬರುವ ಮಾತಿಗಾಗಿ.

ವಾಯೇಜರ್-1ರ ಆ ಮಾತೇ 2023ರ ನವೆಂಬರ್‌ನಲ್ಲಿ ತೊದಲಿತು. ಸಂಕೇತ ಬರುತ್ತಿತ್ತು, ಅರ್ಥವಿರಲಿಲ್ಲ. ಒಂದು ಮೆಮೊರಿ ಚಿಪ್ ಸತ್ತಿತ್ತು. ಅದರಲ್ಲಿದ್ದ ಪ್ರೋಗ್ರಾಮನ್ನು ಇಡಿಯಾಗಿ ಬೇರೆಡೆ ಇಡಲು ಜಾಗ ಸಾಲದೆ, ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಎಂಜಿನಿಯರುಗಳು ಅದನ್ನು ಚೂರು ಮಾಡಿ, ಖಾಲಿ ಇದ್ದ ಕಡೆಯೆಲ್ಲ ಸೇರಿಸಿದರು. ಆದೇಶ ಹೋಗಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತೆ ಅಷ್ಟೇ. 2024ರ ಏಪ್ರಿಲ್ 20ರಂದು ಉತ್ತರ ಬಂತು. (ಆ ಪ್ರಯೋಗಾಲಯದಲ್ಲಿ 1964ರಿಂದ ಒಂದು ನಂಬಿಕೆಯಿದೆ: ಮುಖ್ಯ ಗಳಿಗೆಯಲ್ಲಿ ಕಡಲೆಕಾಯಿ ತಿಂದರೆ ಶುಭ. ಬಸವನಗುಡಿಯ ಕಡಲೆಕಾಯಿ ಪರಿಷೆಯ ನಾವು ಇದಕ್ಕೆ ನಗುವ ಹಾಗಿಲ್ಲ.)

ಊರಲ್ಲಿ ಕುಡಿಯುವ ನೀರಿಲ್ಲ, ಇವರಿಗೆ ನಕ್ಷತ್ರಗಳ ಹುಚ್ಚು ಎನ್ನುವವರಿದ್ದಾರೆ. ಅವರ ದಾಹ ಸುಳ್ಳಲ್ಲ. ಆದರೆ ರದ್ದಾದ ಯಾವ ನೌಕೆಯ ದುಡ್ಡೂ ನಲ್ಲಿಯಲ್ಲಿ ನೀರಾಗಿ ಬಂದದ್ದನ್ನು ನಾನು ಕಂಡಿಲ್ಲ. ನೀರು ಕೊಡದವರನ್ನು ನೀನು ಬೇರೆಯಾಗಿ ವಿಚಾರಿಸಿಕೋ.

ಈಗ ಬೇಡಿಕೆ. ಹೊರಟಾಗ ಸುಮಾರು 470 ವ್ಯಾಟ್ ಕೊಡುತ್ತಿದ್ದ ಪ್ಲುಟೋನಿಯಂ ಜನಕಗಳು ವರ್ಷಕ್ಕೆ ಸುಮಾರು 4 ವ್ಯಾಟ್‌ನಂತೆ ಸೊರಗುತ್ತಿವೆ. ಒಂದೊಂದೇ ಉಪಕರಣ ಆರಿಸಬೇಕಾಗಿದೆ. ಎಲ್ಲೆ ದಾಟಿದ ಸುಳಿವು ಕೊಟ್ಟ ವಾಯೇಜರ್-1ರ ವಿಶ್ವಕಿರಣ ಉಪಕರಣವನ್ನು 2025ರ ಫೆಬ್ರುವರಿಯಲ್ಲಿ ಆರಿಸಿದರು. ಅದಕ್ಕೆ ಹೊಣೆ ಹೊತ್ತು, ಇಡೀ ಯೋಜನೆಯ ವಿಜ್ಞಾನವನ್ನು 1972ರಿಂದ 2022ರವರೆಗೆ ನಡೆಸಿದ ಎಡ್ ಸ್ಟೋನ್ ಅವರು 2024ರಲ್ಲೇ ನಿನ್ನ ಕಡೆ ಬಂದಿದ್ದಾರೆ. ಪ್ಲುಟೋನಿಯಂ ಕರಗದಿರಲಿ ಎಂದು ಬೇಡುವಷ್ಟು ದಡ್ಡನಲ್ಲ ನಾನು. ನೀನೇ ಮಾಡಿದ ನಿಯಮ ಅದು.

ನಾನು ಬೇಡುವುದು ಅವುಗಳ ಹಿಂದೆ ಇನ್ನೊಂದನ್ನು. ಅವುಗಳನ್ನು ಬಿಟ್ಟರೆ ಆ ದಾರಿಯಲ್ಲಿ ಈಗ ಮಾತಾಡುತ್ತ ಹೋಗುತ್ತಿರುವುದು 2006ರಲ್ಲಿ ಹೊರಟ ನ್ಯೂ ಹೊರೈಜನ್ಸ್ ಒಂದೇ; ಇವಕ್ಕಿಂತ ಮೊದಲು ಹೊರಟ ಪಯೊನೀರ್ ನೌಕೆಗಳೆರಡೂ ಎಂದೋ ಮೌನವಾಗಿವೆ. ಆಚೆಯ ಬಯಲಿಗೆಂದೇ 50 ವರ್ಷ ಬಾಳುವ ನೌಕೆಯ ಯೋಜನೆಯೊಂದನ್ನು ಜಾನ್ಸ್ ಹಾಪ್ಕಿನ್ಸ್‌ನವರು ಬರೆದಿಟ್ಟಿದ್ದಾರೆ. ಅದು ಇನ್ನೂ ಕಾಗದದಲ್ಲೇ ಇದೆ. ಐದು ವರ್ಷಕ್ಕೊಮ್ಮೆ ಓಟು ಎಣಿಸುವ ನಮ್ಮ ಕಾಲದಲ್ಲಿ, ತಾವು ಕಾಣದ ಫಲಿತಾಂಶಕ್ಕೆ ದುಡ್ಡು ಮಂಜೂರು ಮಾಡುವ ಕೆಲವರನ್ನಾದರೂ ಹುಟ್ಟಿಸು. ಯಾವ ದೇಶದಲ್ಲಾದರೂ ಸರಿ. ಮತ್ತೆ ಸ್ವಾಮೀ, ಈ ಸಲ ಪ್ಲಾಸ್ಮಾ ಅಳೆಯುವ ಉಪಕರಣ ಮಾತ್ರ ಅಂಚು ಮುಟ್ಟುವವರೆಗೆ ಕೆಡದಂತೆ ನೋಡಿಕೋ.